ಆಯುಧಪೂಜೆ, ಮೇಣ ಮತ್ತು ಅಮ್ಮನ ಮಳೆನೀರು

ಆಯುಧಪೂಜೆಯ ಹಿಂದಿನ ದಿನ ಕೋಲಾರದ ವಾಟರ್ ಸರ್ವೀಸ್ ಅಂಗಡಿಗಳ ಮುಂದೆ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮಂಡಿಗೆ ಟೊಮೆಟೊ ಹೊರುವ ಟೆಂಪೋ, ಟ್ರ್ಯಾಕ್ಟರ್, ನರಸಾಪುರದ ಫ್ಯಾಕ್ಟರಿಗಳಿಗೆ ಜನರನ್ನು ಕರೆದೊಯ್ಯುವ ಬಸ್ಸು, ಮನೆ ಕಾರು, ಎಲ್ಲಾ ಒಂದೇ ಸಾಲಿನಲ್ಲಿ. ಎಲ್ಲಕ್ಕೂ ಅದೇ ನೊರೆ, ಅದೇ ಬಟ್ಟೆ. ಟೆಂಪೋಗೆ ಅಂಟಿದ ಗ್ರೀಸು, ಕೆಸರು ಬಿಡಿಸಲು ಬೇಕಾದ ಖಾರವಾದ ನೊರೆ ಅದು. ಅವರದೇನೂ ತಪ್ಪಿಲ್ಲ, ಅವರ ಗಿರಾಕಿಗಳಿಗೆ ಅದೇ ಬೇಕು. ಆದರೆ ನಾನು ಆಗ ತಾನೇ ಕೂತು ಕೈ ನೋಯುವ ಹಾಗೆ ಮೇಣ ಹಚ್ಚಿದ ಕಾರನ್ನು ಆ ಸಾಲಿನಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಮನೆಯಲ್ಲೇ ತೊಳೆಯುತ್ತೇನೆ ಅಂದೆ.

ಅಪ್ಪನಿಗೆ ಖುಷಿಯಾಯಿತು. ಹಳೇ ಲಾರಿ ಡ್ರೈವರ್ ಅವರು. ಬೆಳಿಗ್ಗೆ ಕಾಫಿ ಮುಗಿಸಿ ಬರುವಷ್ಟರಲ್ಲಿ ತೆಂಗಿನ ನಾರು, ಪಾತ್ರೆ ತೊಳೆಯುವ ಲಿಕ್ವಿಡ್, ಸೋಪಿನ ಪುಡಿ, ಹಳೇ ಬನಿಯನ್ ಎಲ್ಲಾ ಅಂಗಳದಲ್ಲಿ ರೆಡಿ ಮಾಡಿಟ್ಟಿದ್ದರು.

"ಅಪ್ಪಾ, ಇದ್ಯಾವುದೂ ಬೇಡ."

"ಬೇಡ ಅಂದ್ರೆ? ಬರೀ ನೀರಲ್ಲಿ ತೊಳೀತೀಯಾ?"

ಅವರ ಕಾಲದಲ್ಲಿ ಲಾರಿಯನ್ನು ಕೆರೆಯ ಪಕ್ಕ ನಿಲ್ಲಿಸಿ, ನಾರಿಗೆ ಪುಡಿ ಹಾಕಿ ಉಜ್ಜಿ, ಕೊನೆಗೆ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಬಾಡಿ ಫಳಫಳ ಅನ್ನುತ್ತಿತ್ತಂತೆ. ಅನ್ನುತ್ತಿತ್ತು, ನಾನೂ ನೋಡಿದ್ದೇನೆ. ಅದು ಎಣ್ಣೆಯ ಹೊಳಪು. ಸಂಜೆಯೊಳಗೆ ಊರಿನ ಧೂಳೆಲ್ಲ ಅದರ ಮೇಲೆ ಕೂರುತ್ತಿತ್ತು. ಮೇಣ ಹಚ್ಚಿದ ಕಾರಿಗೆ ಸೀಮೆಎಣ್ಣೆ ತಾಗಿಸಿದರೆ ಮೇಣವೇ ಕರಗಿ ಬಟ್ಟೆಗೆ ಬರುತ್ತದೆ.

ಪಾತ್ರೆ ಲಿಕ್ವಿಡ್ ಕಥೆಯೂ ಹಾಗೇ. ಅದು ಇರುವುದೇ ಜಿಡ್ಡು ಬಿಡಿಸಲು. ಮೇಣವೂ ಜಿಡ್ಡಿನ ಜಾತಿಯದೇ ಅಲ್ವಾ? ಒಂದೇ ಸಲಕ್ಕೆ ಪೂರ್ತಿ ಹೋಗುವುದಿಲ್ಲ, ಆದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ತೆಳ್ಳಗಾಗುತ್ತದೆ. ಹಳೇ ಮೇಣ ತೆಗೆದು ಹೊಸದು ಹಚ್ಚಬೇಕು ಅನ್ನುವವರು ಬೇಕಂತಲೇ ಅದನ್ನು ಬಳಸುವುದುಂಟು. ಸೋಪಿನ ಪುಡಿಯಲ್ಲಿ ಸೋಡಾ ಬೇರೆ ಇರುತ್ತದೆ, ಅದು ಕ್ಷಾರ. ಕಾರಿನ ಶಾಂಪೂ ಕ್ಷಾರವೂ ಅಲ್ಲ, ಹುಳಿಯೂ ಅಲ್ಲ. ಪಿ.ಎಚ್. ಲೆಕ್ಕದಲ್ಲಿ ಹೆಚ್ಚುಕಡಿಮೆ 7. ಒಂದು ಬಕೆಟ್‌ಗೆ ಒಂದು ಮುಚ್ಚಳ ಸಾಕು. ಕೊಳೆಯನ್ನು ಜಾರುವ ಹಾಗೆ ಮಾಡುತ್ತದೆ ಅಷ್ಟೇ.

"ಮೇಣ ಅಂದ್ರೆ ಜೇನಿಂದಾ?" ಅಂದರು ಅಪ್ಪ, ಡಬ್ಬಿ ಮೂಸಿ.

ಜೇನಿನದಲ್ಲ, ಬ್ರೆಜಿಲ್ ದೇಶದ ಒಂದು ತಾಳೆ ಜಾತಿಯ ಮರದ ಎಲೆಯದು, ಕಾರ್ನೌಬಾ ಅಂತಾರೆ ಅಂದೆ. ಆ ಒಣ ಸೀಮೆಯಲ್ಲಿ ಎಲೆಯ ನೀರು ಆರದಿರಲಿ ಅಂತ ಮರವೇ ಮಾಡಿಕೊಳ್ಳುವ ಪದರ ಅದು. 80 ಡಿಗ್ರಿ ದಾಟಿದ ಮೇಲೇ ಕರಗುವುದು. ಹಾಗಾಗಿ ನಮ್ಮ ಏಪ್ರಿಲ್ ಬಿಸಿಲನ್ನೂ ತಡೆಯುತ್ತದೆ. ಒಂದು ಮಗ್ ನೀರು ಬಾನೆಟ್ ಮೇಲೆ ಸುರಿದು ತೋರಿಸಿದೆ. ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಗುಂಡಗುಂಡಗೆ ನಿಂತು ಜಾರಿತು. ಮೇಣ ಇದೆಯೋ ಇಲ್ಲವೋ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ನೀರು ಹರಡಿಕೊಂಡು ಹಾಳೆಯಂತೆ ಅಂಟಿ ನಿಂತರೆ ಮತ್ತೆ ಹಚ್ಚುವ ಕಾಲ ಬಂತು ಅಂತ. ಅಪ್ಪ ಇನ್ನೊಂದು ಮಗ್ ಸುರಿದು ನೋಡಿದರು. ನಂತರ ನಾರನ್ನು ತಾವೇ ಎತ್ತಿ ಒಳಗಿಟ್ಟರು.

ನಮ್ಮ ಕಡೆಯ ಧೂಳು ಮಣ್ಣಿನದಷ್ಟೇ ಅಲ್ಲ. ಸುತ್ತ ಕಲ್ಲಿನ ಕ್ವಾರಿಗಳು, ಕ್ರಷರ್‌ಗಳು. ಕಾರಿನ ಬಣ್ಣದ ಮೇಲಿನ ಕ್ಲಿಯರ್ ಕೋಟ್, ಅಂದರೆ ಗಾಜಿನಂಥ ಪಾರದರ್ಶಕ ಪದರ, ಸುಮಾರು 40-50 ಮೈಕ್ರಾನ್ ದಪ್ಪ, ತಲೆಗೂದಲಿಗಿಂತ ತೆಳ್ಳಗೆ. ಒಣ ಧೂಳಿನ ಮೇಲೆ ಬಟ್ಟೆ ಆಡಿಸಿದರೆ ಗ್ರಾನೈಟ್ ಪುಡಿಯಲ್ಲಿ ಉಜ್ಜಿದ ಹಾಗೇ. ಬಿಸಿಲಿಗೆ ಹಿಡಿದಾಗ ಕಾಣುವ ಜೇಡರ ಬಲೆಯಂಥ ಗೀರುಗಳು ಹೀಗೆ ಬರುವುದು. ಅದಕ್ಕೇ ಮೊದಲು ಮೇಲಿನಿಂದ ನೀರು ಬಿಟ್ಟು, ಮಣ್ಣು ನೆನೆಯುವವರೆಗೆ ಕೈ ಕಟ್ಟಿ ನಿಲ್ಲಬೇಕು. ಅಪ್ಪನಿಗೆ ಕಷ್ಟವಾಗಿದ್ದು ಇದೊಂದೇ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಕೈಗವಸನ್ನು ಶಾಂಪೂನಲ್ಲಿ ಅದ್ದಿ ಒಂದು ಡೋರ್ ಒರೆಸುವುದು, ಬರೀ ನೀರಲ್ಲಿ ಜಾಲಿಸುವುದು, ಮತ್ತೆ ಶಾಂಪೂ. ರೂಫಿನಿಂದ ಶುರು ಮಾಡಿ ಕೆಳಗೆ ಬರುವುದು. ಅರ್ಧ ಮುಗಿಯುವಷ್ಟರಲ್ಲಿ ಬರೀ ನೀರಿನ ಬಕೆಟ್ ತಳದಲ್ಲಿ ಕೆಂಪು ಮಣ್ಣು ಕೂತಿತ್ತು. ಚಕ್ರಗಳನ್ನು ಕೊನೆಗೆ ಅಂದುಕೊಂಡಿದ್ದೆ. "ಟೈರಿನ ಕೆಸರು ತೊಳೆದ ಡೋರಿಗೆ ಹಾರಲ್ವಾ? ಚಕ್ರ ಮೊದಲು" ಅಂದರು ಅಪ್ಪ. ಒಪ್ಪುವ ಮಾತು. ಬೇರೆ ಬಕೆಟ್, ಬೇರೆ ಬಟ್ಟೆ ತೆಗೆದುಕೊಂಡು ಚಕ್ರಗಳನ್ನೂ ಮಡ್‌ಗಾರ್ಡ್ ಒಳಭಾಗವನ್ನೂ ಅವರೇ ಮುಗಿಸಿದ್ದರು.

ನಿಜವಾದ ತಕರಾರು ಶುರುವಾಗಿದ್ದು ಕೊನೆಯ ನೀರಿಗೆ.

2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾಯಿತು. ಬತ್ತಿದ್ದ ಕೆರೆಗಳಲ್ಲಿ ಅಲೆ ಕಂಡೆವು, ಬೋರ್‌ಗಳಿಗೂ ಸ್ವಲ್ಪ ಜೀವ ಬಂತು. ಆದರೆ ನಮ್ಮ ಮನೆಯ ಬೋರ್ ನೀರು ಮಾತ್ರ ಅದೇ ಉಪ್ಪು ನೀರು. ಗೀಸರ್ ಕಾಯಿಲ್, ಬಚ್ಚಲಿನ ನಲ್ಲಿ ಎಲ್ಲೆಲ್ಲೂ ಬಿಳಿ ಪೊರೆ. ಆ ನೀರಿನ ಹನಿ ಕಾರಿನ ಮೇಲೆ ಒಣಗಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಉಳಿದು ಬಿಳಿ ಉಂಗುರ ಬೀಳುತ್ತದೆ. ಅದನ್ನು ತೆಗೆಯಲು ಹುಳಿ ಬೇಕು. ಹುಳಿ ಹಾಕಿ ಉಜ್ಜಿದರೆ ಮೇಣಕ್ಕೂ ಏಟು. ಕಡು ನೀಲಿ ಕಾರಿನ ಮೇಲೆ ಆ ಉಂಗುರಗಳು ಬೀದಿಯ ಆ ತುದಿಗೂ ಕಾಣುತ್ತವೆ.

ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ಕಡೆ ನಾನು ನೋಡಿದ್ದೇ ತಡ, ಅಮ್ಮ ಬಾಗಿಲಿಗೆ ಬಂದರು.

"ಕುಡಿಯೋ ನೀರು ಕಾರಿಗಾ? ಮುಟ್ಟಿ ನೋಡು."

ಕೋಲಾರದ ಅಮ್ಮಂದಿರ ಮುಂದೆ ಈ ವಿಷಯದಲ್ಲಿ ವಾದ ಮಾಡಬಾರದು. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದವರನ್ನು, ಬಿಂದಿಗೆ ಹಿಡಿದು ಟ್ಯಾಂಕರ್ ಹಿಂದೆ ಓಡಿದ ವರ್ಷಗಳನ್ನು ನೋಡಿದವರು ಅವರು. ಕ್ಯಾನ್ ಬಿಟ್ಟೆ. ಆದರೆ ಹಿತ್ತಿಲಲ್ಲಿ ತಾರಸಿ ಪೈಪಿನ ಕೆಳಗೆ ಅವರದೇ ಮಳೆನೀರಿನ ಡ್ರಮ್ ಇತ್ತು. ಉಪ್ಪು ನೀರಲ್ಲಿ ಬೇಳೆ ಬೇಯುವುದಿಲ್ಲ, ಅದಕ್ಕೆ ಹಿಡಿದಿಟ್ಟದ್ದು. ಮಳೆನೀರಲ್ಲಿ ಸುಣ್ಣದ ಅಂಶ ಇರುವುದಿಲ್ಲ, ಕಾರಿಗೂ ಅದೇ ಬೇಕಾದದ್ದು. ಬಹಳ ಚೌಕಾಸಿಯ ನಂತರ ಒಂದು ಬಕೆಟ್ ಮಂಜೂರಾಯಿತು. ರಾತ್ರಿ ಮಳೆ ಬರುವ ಹಾಗಿತ್ತು, ಇಲ್ಲದಿದ್ದರೆ ಅದೂ ಇಲ್ಲ.

ಆ ಒಂದು ಬಕೆಟ್ಟನ್ನು ಮಗ್‌ನಲ್ಲಿ ರೂಫ್, ಬಾನೆಟ್, ಗಾಜು ಅಂತ ಲೆಕ್ಕ ಹಾಕಿ ಹೊಯ್ದೆ. ಮೇಣ ಇದ್ದದ್ದರಿಂದ ಮುಕ್ಕಾಲು ಪಾಲು ನೀರು ತಾನೇ ಜಾರಿತು. ಉಳಿದದ್ದಕ್ಕೆ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ, ಉಜ್ಜದೆ, ಮೆಲ್ಲಗೆ ಎಳೆದದ್ದು ಅಷ್ಟೇ. ಬಿಸಿಲು ಅಂಗಳಕ್ಕೆ ಇಳಿಯುವ ಮುಂಚೆ ಕೆಲಸ ಮುಗಿದಿತ್ತು.

ಮಾರನೇ ದಿನದ ಪೂಜೆಯನ್ನು ಮಾತ್ರ ಯಾವ ಶಾಂಪೂ ಬಾಟಲಿಯ ಮೇಲೂ ಬರೆದಿರುವುದಿಲ್ಲ. ಬಾನೆಟ್ ಮೇಲೆ ವಿಭೂತಿ ಪಟ್ಟೆ, ಅರಿಶಿನ ಕುಂಕುಮ, ಚೆಂಡುಹೂವಿನ ಒದ್ದೆ ಹಾರ. ಚಕ್ರದಡಿ ನಿಂಬೆಹಣ್ಣು, ಮುಂದೆ ಬೂದುಗುಂಬಳ. ನಾನು ಬೇಡ ಅನ್ನಲಿಲ್ಲ, ಅನ್ನಲು ಹುಚ್ಚೇ? ಬೇಡಿಕೊಂಡದ್ದು ಒಂದೇ: ಹಾರ ಕಟ್ಟಿದ ತಂತಿ ಬಾಡಿಗೆ ತಾಗದಿರಲಿ ಅಂತ. ಮರುದಿನ ಹಾರ ಬಿಚ್ಚಿ, ವಿಭೂತಿಯನ್ನು ಒಣಗಿದ್ದಾಗ ಒರೆಸದೆ ನೀರಿನಲ್ಲೇ ಇಳಿಸಿದೆ. ಮೇಣದ ಮೇಲಿದ್ದ ಅರಿಶಿನವೂ ಹೂವಿನ ಬಣ್ಣವೂ ಶಾಂಪೂ ನೀರಿಗೆ ಹಾಗೇ ಬಂದುಬಿಟ್ಟವು.

ನಂಬರ್ ಪ್ಲೇಟಿಗೆ ನಾನು ಮೇಣ ಹಚ್ಚಿರಲಿಲ್ಲ. ಅಮ್ಮ ಅಲ್ಲಿ ಧಾರಾಳವಾಗಿಯೇ ಅರಿಶಿನ ಬಳಿದಿದ್ದರು. ಬಿಳಿ ಪ್ಲೇಟು ಅರ್ಧ ಹಳದಿಯಾಗಿ ಕೂತಿತ್ತು. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ, ಬಿಡು ಅಂದುಕೊಂಡು ಕಾರನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿದೆ.

"ಮಾಸೋವರೆಗೂ ಬೆಂಗಳೂರು ಕಡೆ ಹೋಗ್ಬೇಡ," ಅಂದರು ಅಪ್ಪ, "ಹಳದಿ ಬೋರ್ಡ್ ಅಂತ ಯಾರಾದ್ರೂ ಕೈ ಅಡ್ಡ ಹಾಕ್ತಾರೆ."