ಒಂದು ಕೋಣೆ, ಎರಡು ಪ್ರಾಯ

ಕಾಲೇಜು ಮ್ಯಾಗಜಿನ್‌ಗೆ ನೆನಪು ಬರೆದುಕೊಡಿ ಅಂದರೆ ಎಲ್ಲರೂ ಕ್ಯಾಂಟೀನಿನ ಬನ್ಸ್ ಬಗ್ಗೆ ಬರೆಯುತ್ತಾರೆ. ಬನ್ಸ್ ಚೆನ್ನಾಗಿತ್ತು, ಎರಡು ಮಾತಿಲ್ಲ. ಆದರೆ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತಿರುವುದು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ) ಕ್ಲಾಸಿನಲ್ಲಿ ಕೇಳಿದ, ಮನುಷ್ಯನ ಮನಸ್ಸು ಪ್ರಾಯಕ್ಕೆ ತಕ್ಕ ಹಾಗೆ ಬೆಳೆಯುವುದರ ಪಾಠ. ಮಂಗಳೂರಿನ ಸೆಕೆ, ಊಟದ ನಂತರದ ಪೀರಿಯಡ್, ಹೊಟ್ಟೆ ತುಂಬ ಮೀನುಸಾರು. ಆದರೂ ಆ ಮೇಡಂ ಕ್ಲಾಸಿನಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ.

ಹುಟ್ಟಿನಿಂದ ಮುಪ್ಪಿನವರೆಗೆ ಮನಸ್ಸು ಬೆಳೆಯುವ ಬಗ್ಗೆ ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹೇಳಿದ ಎಂಟು ಹಂತಗಳನ್ನು ನಾವು ಗೈಡ್ ನೋಡಿ ಬಾಯಿಪಾಠ ಮಾಡಿದ್ದೆವು. ಮೇಡಂ ಮಾತ್ರ ಅವನ ಕತೆಯಿಂದ ಶುರು ಮಾಡಿದರು. 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು, ಹೆತ್ತ ಅಪ್ಪ ಯಾರೆಂದು ಗೊತ್ತಾಗದೆ ಮಲತಂದೆಯ ಹೆಸರಲ್ಲಿ ಬೆಳೆದವನು, ಚಿತ್ರ ಬರೆಯುತ್ತಾ ಊರೂರು ಅಲೆದು, ಡಿಗ್ರಿ ಇಲ್ಲದೆಯೇ ಮುಂದೆ ಹಾರ್ವರ್ಡ್‌ನಲ್ಲಿ ಪಾಠ ಮಾಡಿದವನು, ಅಮೆರಿಕದ ಪ್ರಜೆಯಾಗುವಾಗ ಎರಿಕ್ಸನ್ ಅಂತ ತಾನೇ ಹೆಸರಿಟ್ಟುಕೊಂಡವನು. ‘ನಾನು ಯಾರು’ ಅನ್ನುವುದೇ ಹರೆಯದ ದೊಡ್ಡ ಪ್ರಶ್ನೆ ಅಂತ ಇವನಲ್ಲದೆ ಮತ್ಯಾರು ಹೇಳಬೇಕಿತ್ತು, ಅಲ್ವಾ?

ಹಾಗಂತ ಅವನು ಹೇಳಿದ್ದನ್ನೆಲ್ಲ ಸುಮ್ನೆ ಒಪ್ಪಿಕೊಳ್ಳಲು ಮೇಡಂ ಬಿಡುತ್ತಿರಲಿಲ್ಲ. “ಅಳಿಯಕಟ್ಟಿನ ಮನೆಯವರು ಯಾರೆಲ್ಲ ಇದ್ದೀರಿ?” ಅಂತ ಒಮ್ಮೆ ಕೇಳಿದರು; ಅಳಿಯಕಟ್ಟು ಅಂದರೆ ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿ. ನಾಲ್ಕೈದು ಕೈ ಎದ್ದವು. “ಸೋದರಮಾವನ ಮಾತು ನಡೆಯುವ ಮನೆಯಲ್ಲಿ ಹುಡುಗ ಯಾರ ಹತ್ತಿರ ಜಗಳ ಮಾಡಿ ದೊಡ್ಡವನಾಗಬೇಕು? ಅಪ್ಪನ ಹತ್ತಿರವಾ, ಮಾವನ ಹತ್ತಿರವಾ?” ಆ ದಿನ ಪಾಠ ಮುಂದೆ ಹೋಗಲೇ ಇಲ್ಲ, ಬೆಲ್ ಆದ ಮೇಲೂ ಕಾರಿಡಾರಿನಲ್ಲಿ ಅದೇ ಚರ್ಚೆ.

ರೋಲ್ ಪ್ಲೇ ದಿನ ಗೆಳತಿಯೊಬ್ಬಳು ಕೌನ್ಸೆಲರ್ ಆಗಿ ಕೂತು, ಎದುರಿನವನಿಗೆ “ನಿಮ್ಮದು ಐಡೆಂಟಿಟಿ ಕ್ರೈಸಿಸ್” (ಅದೇ ‘ನಾನು ಯಾರು’ ಅನ್ನುವ ಗೊಂದಲ) ಅಂದುಬಿಟ್ಟಳು. ಮೇಡಂ ನಕ್ಕರು. “ಅವನು ಹೆಸರು ಕೇಳಲು ಬಂದದ್ದಲ್ಲ ಮಾರಾಯ್ತಿ. ಹಂತ ನಿನ್ನ ತಲೆಯಲ್ಲಿರಲಿ, ಬಾಯಿಗೆ ಬರುವುದು ಬೇಡ.” ಆಮೇಲೆ ಹೇಳಿದ್ದು ನನಗೆ ಜಾಸ್ತಿ ನೆನಪಿದೆ: “ಬಂದವರ ಪ್ರಾಯ ಮಾತ್ರ ನೋಡಬೇಡಿ, ಕರೆದುಕೊಂಡು ಬಂದವರದ್ದೂ ನೋಡಿ.”

ಈಗ ನಾನು ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ ಕೌನ್ಸೆಲರ್. ನೀಟ್, ಸಿಇಟಿ ಗಲಾಟೆಯಲ್ಲಿ ಬರುವ ಮಕ್ಕಳೇ ಹೆಚ್ಚು. ಎರಿಕ್ಸನ್‌ನ ವಿಚಾರವನ್ನು ಮುಂದುವರಿಸಿದ ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಹೇಳಿದ ಫೋರ್‌ಕ್ಲೋಷರ್, ಅಂದರೆ ತಾನು ಹುಡುಕಿ ನೋಡುವ ಮೊದಲೇ ಮನೆಯವರು ತೀರ್ಮಾನಿಸಿದ್ದನ್ನು ತನ್ನದೇ ಅಂತ ಒಪ್ಪಿಕೊಂಡುಬಿಡುವುದು, ನಮ್ಮ ಕಡೆ ಮನೆಮನೆಯಲ್ಲಿ ಉಂಟು. ಹತ್ತನೇ ಕ್ಲಾಸಿನ ರಿಸಲ್ಟ್ ಬರುವ ಮುಂಚೆಯೇ ಕೋಚಿಂಗ್ ಫೀಸು ಕಟ್ಟಿಯಾಗಿರುತ್ತದೆ.

ಒಬ್ಬ ಹುಡುಗ ಬಂದಿದ್ದ (ಗುರುತು ಸಿಗದಂತೆ ಸ್ವಲ್ಪ ಬದಲಿಸಿ ಬರೆದಿದ್ದೇನೆ). ಎಂತ ಕೇಳಿದರೂ “ಗೊತ್ತಿಲ್ಲ ಮಿಸ್.” ಅಪ್ಪನನ್ನು ಕರೆಸಿದೆ. ಅವರು ಕೂತದ್ದೇ “ಇವನಿಗೆ ಎಂತ ಗೊತ್ತುಂಟು?” ಅಂತ ಶುರು ಮಾಡಿದರು. ಆಗ ಮೇಡಂ ಮಾತು ನೆನಪಾಯಿತು. ಮಗ ‘ನಾನು ಯಾರು’ ಅನ್ನುವ ಐದನೇ ಹಂತದಲ್ಲಿದ್ದರೆ ಅಪ್ಪ ಏಳನೆಯದರಲ್ಲಿ, ಮುಂದಿನವರಿಗೆ ಏನು ಬಿಟ್ಟು ಹೋಗುತ್ತೇನೆ ಅನ್ನುವ ಚಿಂತೆಯ ಪ್ರಾಯದಲ್ಲಿ ಇದ್ದಾರೆ. ಎರಡು ತಲೆಮಾರಿನ ಹಂತಗಳು ಹಲ್ಲುಚಕ್ರದ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ ಅಂತ ಎರಿಕ್ಸನ್ನೇ ಹೇಳಿದ್ದಾನೆ. ಹಾಗಾಗಿ ಬುದ್ಧಿ ಹೇಳಲು ಹೋಗದೆ, “ಇವನ ಪ್ರಾಯದಲ್ಲಿ ನಿಮಗೆ ಎಂತ ಆಗಬೇಕಂತ ಇತ್ತು?” ಅಂತ ಕೇಳಿದೆ. ಅವರು ಮೊಬೈಲನ್ನು ಮೇಜಿನ ಮೇಲೆ ಮಗುಚಿಟ್ಟರು. ಪಿಯುಸಿ ಅರ್ಧಕ್ಕೆ ಬಿಟ್ಟು ಬೊಂಬಾಯಿಯ ಹೋಟೆಲಿಗೆ ಹೋದದ್ದು, ಹಗಲು ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗಿದ್ದು, ಅದೂ ನಿಂತದ್ದು ಎಲ್ಲ ಹೇಳಿದರು. ಮಗ ಮೊದಲ ಸಲ ತಲೆಯೆತ್ತಿ ಅವರನ್ನು ನೋಡಿದ. ಈ ಕತೆ ಅವನಿಗೂ ಹೊಸದು.

ಹುಡುಗ ಈಗಲೂ ಸೈನ್ಸೇ ಓದುತ್ತಿದ್ದಾನೆ. ಕೋಚಿಂಗ್ ಬಿಟ್ಟಿದ್ದಾನೆ. ಅಪ್ಪನಿಗೆ ಅದು ಪೂರ್ತಿ ಒಪ್ಪಿಗೆಯಾದ ಹಾಗಿಲ್ಲ. ಮೊನ್ನೆ ಫೀಸು ಕಟ್ಟಲು ಬಂದವರು ಒಳಗೆ ಇಣುಕಿ, “ಇನ್ನೊಮ್ಮೆ ಮಾತಾಡಬೇಕಿತ್ತು, ಇವನನ್ನು ಬಿಟ್ಟು” ಅಂದರು. ಬುಧವಾರ ಬರಲು ಹೇಳಿದ್ದೇನೆ.