ಹಗಲಲ್ಲೂ ಉಳಿಯುವ ಕತ್ತಲು: ಫಿಲ್ಮ್ ನ್ವಾರ್ ಕುರಿತು

ಹಾಲಿವುಡ್‌ನ ಕತ್ತಲು ಕವಿದ ಅಪರಾಧ ಕಥೆಗಳ ಚಿತ್ರಪ್ರಕಾರವಾದ ಫಿಲ್ಮ್ ನ್ವಾರ್ ಎಂದೊಡನೆ ಮಳೆಗೆ ತೊಯ್ದ ಬೀದಿ, ಸಿಗರೇಟಿನ ಹೊಗೆ, ಅರ್ಧ ಮುಖವನ್ನು ನುಂಗಿದ ನೆರಳು ನೆನಪಾಗುತ್ತವೆ. ಆದರೆ ತಪ್ಪೆಂದು ತಿಳಿದೂ ಅತ್ತಲೇ ಹೆಜ್ಜೆಯಿಡುವ ಮನುಷ್ಯ ಮತ್ತು ಕಥೆ ತೊಡಗುವ ಮೊದಲೇ ತೀರ್ಮಾನವಾಗಿಬಿಟ್ಟಿರುವ ಅವನ ಗತಿ, ಇವೆರಡೇ ಈ ಪ್ರಕಾರದ ಜೀವಾಳ ಎಂಬುದು ನನ್ನ ದೃಢ ಅಭಿಪ್ರಾಯ.

ಬಿಲ್ಲಿ ವೈಲ್ಡರ್ ನಿರ್ದೇಶಿಸಿದ ‘ಡಬಲ್ ಇಂಡೆಮ್ನಿಟಿ’ (1944) ಇದಕ್ಕೆ ಅತ್ಯುತ್ತಮ ನಿದರ್ಶನ. ಲಾಸ್ ಏಂಜಲೀಸಿನ ವಿಮಾ ಏಜೆಂಟ್ ವಾಲ್ಟರ್ ನೆಫ್ ಗುಂಡೇಟು ತಿಂದು, ನಡುರಾತ್ರಿ ತನ್ನ ಕಚೇರಿಗೆ ಬಂದು, ಧ್ವನಿಮುದ್ರಣ ಯಂತ್ರದ ಮುಂದೆ ತಪ್ಪೊಪ್ಪಿಕೊಳ್ಳಲು ಕೂರುತ್ತಾನೆ. ಹಣಕ್ಕಾಗಿ, ಹೆಣ್ಣಿಗಾಗಿ ಕೊಂದೆ, ಎರಡೂ ದಕ್ಕಲಿಲ್ಲ ಎಂದು ಆರಂಭದಲ್ಲೇ ಹೇಳಿಬಿಡುತ್ತಾನೆ. ಮುಂದೇನಾದೀತು ಎಂಬ ಕುತೂಹಲವನ್ನು ಹೀಗೆ ಮೊದಲೇ ಬಿಟ್ಟುಕೊಟ್ಟ ಚಿತ್ರ, ಅವನು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ನೋಡುವ ಸಂಕಟವನ್ನು ನಮಗೆ ಉಳಿಸುತ್ತದೆ. ಛಾಯಾಗ್ರಾಹಕ ಜಾನ್ ಸೈಟ್ಜ್ ಗಾಳಿಯಲ್ಲಿ ಅಲ್ಯೂಮಿನಿಯಂ ಪುಡಿ ತೂರಿ, ಕಿಟಕಿಯ ಪಟ್ಟಿಪರದೆಯಿಂದ ಇಳಿಯುವ ಬೆಳಕಿಗೂ ಧೂಳಿನ ಭಾರ ತಂದರು. ಆ ಪಟ್ಟಿಗಳ ನೆರಳು ನೆಫ್‌ನ ಮೇಲೆ ಬಿದ್ದಾಗ ಅವನಿನ್ನೂ ಏನೂ ಮಾಡಿರದಿದ್ದರೂ ಸೆರೆಯಾಳಿನಂತೆ ಕಾಣುತ್ತಾನೆ.

ತಪ್ಪಿಸಿಕೊಳ್ಳಲಾಗದ ಈ ಗತಿಯ ಹಿಂದೆ ಒಂದು ಕಟ್ಟಳೆಯ ಪಾಲೂ ಇತ್ತು. 1934ರಿಂದ ಕಟ್ಟುನಿಟ್ಟಾಗಿ ಜಾರಿಯಾದ ಹಾಲಿವುಡ್‌ನ ನಿರ್ಮಾಣ ಸಂಹಿತೆಯ (ಚಿತ್ರಗಳಲ್ಲಿ ಏನನ್ನು ತೋರಿಸಬಹುದು, ಏನನ್ನು ಕೂಡದು ಎಂಬ ನಿಯಮಾವಳಿಯ) ಪ್ರಕಾರ, ಅಪರಾಧ ಮಾಡಿದವನು ದಂಡನೆಯಿಲ್ಲದೆ ಪಾರಾಗುವಂತಿರಲಿಲ್ಲ. ಸಾಧಾರಣ ನಿರ್ದೇಶಕರ ಕೈಯಲ್ಲಿ ಕೊನೆಯ ರೀಲಿಗೆ ಅಂಟಿಸಿದ ಉಪದೇಶವಾಗುತ್ತಿದ್ದ ಈ ನಿರ್ಬಂಧವನ್ನು ವೈಲ್ಡರ್‌ರಂಥವರು ಇಡೀ ಕಥೆಯ ಗಾಳಿಯಲ್ಲೇ ಬೆರೆಸಿದರು. ನೆಫ್‌ನ ಮರಣದಂಡನೆಯ ದೃಶ್ಯವನ್ನು ಚಿತ್ರೀಕರಿಸಿದ್ದರೂ ವೈಲ್ಡರ್ ಅದನ್ನು ಕೈಬಿಟ್ಟದ್ದು ಸರಿಯೇ. ಶಿಕ್ಷೆ ಆಗಲೇ ಪೂರ್ತಿಯಾಗಿತ್ತು.

1968ರಲ್ಲಿ ಸಂಹಿತೆ ತೆರವಾದ ಮೇಲೆ ಹುಟ್ಟಿದ ನವ-ನ್ವಾರ್‌ಗೆ ಆ ಕಟ್ಟಳೆಯ ಹಂಗಿರಲಿಲ್ಲ. ರೋಮನ್ ಪೊಲಾನ್ಸ್ಕಿಯ ‘ಚೈನಾಟೌನ್’ (1974) 1937ರ ಲಾಸ್ ಏಂಜಲೀಸಿನ ಕಥೆಯಾದರೂ ಅದರ ಬಹುಪಾಲು ಕಣ್ಣು ಕುಕ್ಕುವ ಬಿಸಿಲಿನಲ್ಲಿ, ವರ್ಣದಲ್ಲಿ, ಅಗಲ ಪರದೆಯ ಮೇಲೆ ನಡೆಯುತ್ತದೆ. ಬರದಲ್ಲಿ ಬಳಲುತ್ತಿರುವ ಊರಿನ ನೀರನ್ನು ರಾತ್ರಿಯಲ್ಲಿ ಸದ್ದಿಲ್ಲದೆ ಹರಿಯಬಿಡುವವರ ಬೆನ್ನು ಹತ್ತಿದ ಪತ್ತೇದಾರ ಗಿಟ್ಟಿಸ್ ಸತ್ಯವನ್ನೇನೋ ತಲುಪುತ್ತಾನೆ. ಆದರೆ ಅಷ್ಟರಲ್ಲಿ ಅದರಿಂದ ಯಾರಿಗೂ ಉಪಯೋಗವಾಗದ ಸ್ಥಿತಿ ಬಂದಿರುತ್ತದೆ. ಚಿತ್ರಕಥೆಗಾರ ರಾಬರ್ಟ್ ಟೌನ್‌ಗೆ ಬೇರೆಯೇ ಅಂತ್ಯ ಬೇಕಿತ್ತು. ನಿರ್ದೇಶಕರು ಪಟ್ಟು ಹಿಡಿದ ಅಂತ್ಯದಲ್ಲಿ ಖಳ ನೋವಾ ಕ್ರಾಸ್ ಗೆದ್ದು ಹೋಗುತ್ತಾನೆ. ಆ ಪಾತ್ರದಲ್ಲಿ, ನ್ವಾರ್‌ನ ಆರಂಭದ ಮೈಲಿಗಲ್ಲಾದ ‘ದ ಮಾಲ್ಟೀಸ್ ಫಾಲ್ಕನ್’ (1941) ನಿರ್ದೇಶಿಸಿದ ಜಾನ್ ಹ್ಯೂಸ್ಟನ್ ಇದ್ದಾರೆಂಬುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಹಳೆಯ ನ್ವಾರ್‌ನಲ್ಲಿ ಒಬ್ಬನ ಆಸೆ ಅವನನ್ನೇ ಮುಳುಗಿಸುತ್ತಿತ್ತು. ಇಲ್ಲಿ ಒಬ್ಬನ ಆಸೆಯನ್ನು ಕಾಯಲು ಊರಿನ ಪೊಲೀಸರೂ ಆಡಳಿತವೂ ಇದ್ದಾರೆ.

ನೆರಳು ನಿಯಾನ್‌ಗಳನ್ನಷ್ಟೇ ಎರವಲು ತಂದು ನವ-ನ್ವಾರ್ ಎಂದು ಕರೆದುಕೊಳ್ಳುವ ಚಿತ್ರಗಳು ನನ್ನನ್ನು ತಟ್ಟದಿರುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ಹೇಮಂತ್ ರಾವ್ ಅವರ ‘ಕವಲುದಾರಿ’ (2019) ಆ ಸಾಲಿಗೆ ಸೇರುವುದಿಲ್ಲ. ನೆಲ ಅಗೆದಾಗ ಸಿಕ್ಕ ಹಳೆಯ ಮೂಳೆಗಳ ಹಿಂದೆ ಬೀಳುವವನು ಅಲ್ಲಿ ಒಬ್ಬ ಸಂಚಾರಿ ಪೊಲೀಸ್. ಕೊಲೆಯ ತನಿಖೆ ಅವನ ಕೆಲಸವೇ ಅಲ್ಲ, ಬಿಟ್ಟುಬಿಡು ಎಂದರೂ ಅವನು ಬಿಡಲಾರ.