ಗಂಟಲು ನೋವಿಗೆ ಹತ್ತು ದಿನ ಮದ್ದು

ಬರೀ ಗಂಟಲು ನೋವಿಗೆ ಹತ್ತು ದಿನ ಮದ್ದು ಯಾಕೆ? ಕಳೆದ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಇದೇ ಚರ್ಚೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ, ಮಗ ಕನ್ನಡ ಮೀಡಿಯಂನಲ್ಲಿ ಆರನೇ ಕ್ಲಾಸು. ಬೆಳಿಗ್ಗೆ ದೋಸೆ ತಿಂದು ಹೋದವನು ಸಂಜೆ ಬರುವಾಗ ಮೈ ಸುಡುತ್ತಿತ್ತು, ಎಂಜಲು ನುಂಗಲೂ ಆಗುವುದಿಲ್ಲ ಎಂದು ಅಳು. ಅತ್ತೆ ಶುಂಠಿ, ಕಾಳುಮೆಣಸು ಹಾಕಿ ಕಷಾಯ ಮಾಡಿದರು. ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡಿದೆ. ಟಾನ್ಸಿಲ್ ಎರಡೂ ಕೆಂಪಾಗಿ ಊದಿದ್ದವು, ಮೇಲೆ ಬಿಳಿ ಬಿಳಿ ಚುಕ್ಕೆ. ದವಡೆಯ ಕೆಳಗೆ ಗಡ್ಡೆಯ ಹಾಗೆ ಕೈಗೆ ಸಿಕ್ಕಿತು, ಮುಟ್ಟಿದರೆ ನೋವು.

ಮರುದಿನ ಡಾಕ್ಟರ್ ಮೊದಲು ಕೇಳಿದ್ದು ಕೆಮ್ಮು ಉಂಟಾ, ಮೂಗು ಸೋರುತ್ತದಾ ಎಂದು. ಎರಡೂ ಇರಲಿಲ್ಲ. ನನ್ನ ಮಲಯಾಳಂ ಅರ್ಧ, ಅವರ ಕನ್ನಡ ಅರ್ಧ, ಆದರೂ ಸಮಾಧಾನದಿಂದ ವಿವರಿಸಿದರು. ಗಂಟಲು ನೋವು ಹೆಚ್ಚಾಗಿ ಬರುವುದು ವೈರಸ್‌ನಿಂದ. ಅದಕ್ಕೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದೇ ಇಲ್ಲ, ತಾನಾಗಿ ಹೋಗುತ್ತದೆ. ಆದರೆ 5ರಿಂದ 15 ವರ್ಷದ ಮಕ್ಕಳಲ್ಲಿ ಇದ್ದಕ್ಕಿದ್ದಂತೆ ಜ್ವರ, ಟಾನ್ಸಿಲ್ ಮೇಲೆ ಬಿಳಿ, ಕುತ್ತಿಗೆಯ ಮುಂದೆ ನೋಯುವ ಗಡ್ಡೆ, ಕೆಮ್ಮು ಮಾತ್ರ ಇಲ್ಲ ಎಂದಾದರೆ ಗ್ರೂಪ್ ಎ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸಂಶಯ ಬರುತ್ತದೆ. ಕಣ್ಣಲ್ಲಿ ನೋಡಿ ಖಚಿತವಾಗಿ ಹೇಳಲಾಗದು. ಹಾಗಾಗಿ ಹತ್ತಿಯ ಕಡ್ಡಿಯಿಂದ ಗಂಟಲು ಒರೆಸಿ ಲ್ಯಾಬಿಗೆ ಕಳಿಸಿದರು. ವರದಿಯಲ್ಲಿ ಅದೇ ಬಂತು. ಪೆನಿಸಿಲಿನ್ ಜಾತಿಯ ಮದ್ದು ಅವನಿಗೆ ಅಲರ್ಜಿಯಾ ಎಂದು ಕೇಳಿ, ತೂಕ ನೋಡಿ, ಅಮಾಕ್ಸಿಸಿಲಿನ್ ಬರೆದರು. ಹತ್ತು ದಿನ, ಒಂದು ಹೊತ್ತೂ ತಪ್ಪಿಸಬಾರದು.

ಮದ್ದು ಶುರು ಮಾಡಿದ ಮೇಲೆ ಜ್ವರ ಬೇಗ ಬಿಟ್ಟಿತು. ಕುಚ್ಚಲಕ್ಕಿ ಗಂಜಿ ಕುಡಿದು ಅಂಗಳದಲ್ಲಿ ಸೈಕಲ್ ಹತ್ತಿದ. ಅಲ್ಲಿಂದ ಚರ್ಚೆ ಜೋರಾಯಿತು. "ಗುಣ ಆಯ್ತಲ್ಲ, ಸುಮ್ನೆ ಯಾಕೆ ಮಗುವಿನ ಹೊಟ್ಟೆಗೆ ಆ್ಯಂಟಿಬಯಾಟಿಕ್ ತುಂಬಿಸುವುದು?" ಎಂದರು ನಮ್ಮವರು. ಅವರ ಮಾತಿಗೆ ಅರ್ಥ ಇಲ್ಲದೆ ಇಲ್ಲ. ಇಲ್ಲಿ ಕೇರಳದಲ್ಲಿ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವ ಮೆಡಿಕಲ್ ಶಾಪ್‌ಗಳನ್ನು ಹಿಡಿಯಲು 2024ರಲ್ಲಿ ಆಪರೇಷನ್ ಅಮೃತ್ ಶುರುವಾಯಿತು. ಆ್ಯಂಟಿಬಯಾಟಿಕನ್ನು ನೀಲಿ ಕವರಿನಲ್ಲಿ ಕೊಡಬೇಕು ಎಂದೂ ಆಯಿತು. ಬೇಡದ ಕಡೆ ತಿಂದು ತಿಂದು ಮದ್ದೇ ನಾಟದ ಹಾಗೆ ಆಗಬಾರದು ಎನ್ನುವುದು ಅದರ ಉದ್ದೇಶ, ಮತ್ತು ಅದು ಬಹಳ ಒಳ್ಳೆಯ ಕೆಲಸ ಎಂದೇ ನನ್ನ ಅಭಿಪ್ರಾಯ.

ಆದರೆ ನಮ್ಮ ಮನೆಯಲ್ಲಿ ಈ ಮದ್ದು ಬೇಡದ ಮದ್ದಲ್ಲ. ಅದು ಗೊತ್ತಾಗಲು ನನಗೆ ಪುಸ್ತಕ ಬೇಕಿರಲಿಲ್ಲ, ಅತ್ತಿಗೆ ಇದ್ದಾರೆ. ಅತ್ತಿಗೆಗೆ ಸಣ್ಣವರಿದ್ದಾಗ ಆಗಾಗ ಗಂಟಲು ನೋವು ಬರುತ್ತಿತ್ತಂತೆ. ಒಂದು ಸಲ ಮೊಣಕಾಲು ಊದಿತು, ಅದು ಇಳಿಯುವಾಗ ಮೊಣಕೈ. ಬೆಳೆಯುವ ಮಕ್ಕಳಿಗೆ ಹಾಗೆಲ್ಲ ಆಗುತ್ತದೆ ಎಂದು ಎಣ್ಣೆ ತಿಕ್ಕಿ ಬಿಟ್ಟರು. ಮದುವೆಯಾಗಿ ಬಸುರಿಯಾದಾಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದರೆ ಉಸಿರು ಕಟ್ಟುವುದು. ಮಂಗಳೂರಿಗೆ ಕರೆದುಕೊಂಡು ಹೋಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದಾಗ ಗೊತ್ತಾಯಿತು, ಹೃದಯದ ಮೈಟ್ರಲ್ ಕವಾಟ ಕಿರಿದಾಗಿದೆ. ಸಂಧಿವಾತ ಜ್ವರ, ಡಾಕ್ಟರುಗಳು ರುಮ್ಯಾಟಿಕ್ ಫೀವರ್ ಅನ್ನುತ್ತಾರಲ್ಲ, ಅದರ ಗಾಯ. ಮುಂದೆ ಕವಾಟ ಬದಲಿಸಬೇಕಾಯಿತು. ಈಗಲೂ ರಕ್ತ ಹೆಪ್ಪುಗಟ್ಟದಿರಲು ಮಾತ್ರೆ, ಅದಕ್ಕೆ ಆಗಾಗ ರಕ್ತ ಪರೀಕ್ಷೆ, ಮೂರು ವಾರಕ್ಕೊಮ್ಮೆ ಸೊಂಟಕ್ಕೆ ಪೆನಿಸಿಲಿನ್ ಇಂಜೆಕ್ಷನ್. ಆ ಇಂಜೆಕ್ಷನ್ ಚುಚ್ಚಿಸಿಕೊಂಡ ದಿನ ಅವರು ನೆಲದ ಮೇಲೆ ಕೂರುವುದಿಲ್ಲ.

ಗಂಟಲಿಗೂ ಹೃದಯಕ್ಕೂ ಏನು ಸಂಬಂಧ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಗಂಟಲಿನ ಆ ಸ್ಟ್ರೆಪ್ಟೊಕಾಕಸನ್ನು ಕೊಲ್ಲಲು ದೇಹ ತಯಾರಿಸಿದ ಪ್ರತಿಕಾಯಗಳು ಕೆಲವರಲ್ಲಿ ತಮ್ಮದೇ ಹೃದಯ, ಕೈಕಾಲಿನ ಗಂಟುಗಳ (ಕೀಲುಗಳ) ಮೇಲೆ ತಿರುಗಿ ಬೀಳುತ್ತವೆ. ಗಂಟಲು ನೋವು ಹೋಗಿ ಎರಡು ಮೂರು ವಾರ ಕಳೆದ ಮೇಲೆ ಇದು ಶುರುವಾಗುವುದು, ಆಗ ಗಂಟಲಿನ ಕಥೆ ಎಲ್ಲರಿಗೂ ಮರೆತಿರುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ, ಸಾಕಷ್ಟು ಕಡಿಮೆ. ಆದರೆ ಗಂಟು ನೋವು ಗುಣವಾಗಿ ಹೋಗುತ್ತದೆ, ಕವಾಟದ ಗಾಯ ಉಳಿದುಬಿಡಬಹುದು. ಗಂಟಲು ನೋವು ಶುರುವಾಗಿ 9 ದಿನದ ಒಳಗೆ ಸರಿಯಾದ ಆ್ಯಂಟಿಬಯಾಟಿಕ್ ಶುರು ಮಾಡಿದರೂ ಇದನ್ನು ತಡೆಯಬಹುದು. ಹಾಗಾಗಿ ವರದಿ ಬರುವ ತನಕ ಕಾದರೆ ತೊಂದರೆ ಏನೂ ಇಲ್ಲ. ಜ್ವರ ಬಿಟ್ಟಿತು ಎಂದರೆ ಗಂಟಲಿನ ಬ್ಯಾಕ್ಟೀರಿಯಾ ಎಲ್ಲ ಸತ್ತಿದೆ ಎಂದಲ್ಲ, ಹತ್ತು ದಿನ ಬೇಕಾಗುವುದು ಅದಕ್ಕೆ.

ಕೊನೆಗೆ ಮಾತು ಮುಗಿಸಿದವರು ಅತ್ತೆ. "ಮಗಳ ಎದೆ ಕೊಯ್ದದ್ದು ನೋಡಿದ್ದೇನೆ. ಮಾಣಿ ಮದ್ದು ಪೂರ್ತಿ ತಿನ್ನಲಿ" ಎಂದರು. ಕಷಾಯವನ್ನೂ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ. ಬಿಸಿ ಕಷಾಯ, ಉಪ್ಪುನೀರು ಗಂಟಲಿಗೆ ಹಿತ ಕೊಡುತ್ತವೆ. ಮದ್ದಿನ ಬದಲು ಅದು ಎಂದಾಗಬಾರದು ಅಷ್ಟೆ. ಮದ್ದು ಶುರುವಾಗಿ 24 ಗಂಟೆ ಕಳೆದು ಜ್ವರವೂ ಇಲ್ಲದಿದ್ದರೆ ಶಾಲೆಗೆ ಕಳಿಸಬಹುದು, ಆಮೇಲೆ ಬೇರೆ ಮಕ್ಕಳಿಗೆ ಹರಡುವುದು ತುಂಬ ಕಡಿಮೆ ಎಂದು ಡಾಕ್ಟರ್ ಹೇಳಿದ್ದರು. ಅಲ್ಲಿಯ ತನಕ ಅವನ ಲೋಟ, ಬೈರಾಸು ಬೇರೆ ಇಟ್ಟೆ. ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ನುಂಗಲಾಗದೆ ಸುರಿದರೆ, ಉಸಿರಾಡಲು ಕಷ್ಟವಾದರೆ ರಾತ್ರಿಯಾದರೂ ಆಸ್ಪತ್ರೆಗೆ ಬರಬೇಕು. ಮುಂದಿನ ವಾರಗಳಲ್ಲಿ ಗಂಟು ನೋವು ಬಂದರೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಕೂಡಲೇ ತೋರಿಸಬೇಕು ಎಂದೂ ಹೇಳಿ ಕಳಿಸಿದ್ದರು.

ಅಷ್ಟರಲ್ಲಿ ಮಗಳಿಗೂ ಗಂಟಲು ನೋವು. ಅಣ್ಣನ ಮದ್ದನ್ನೇ ಸ್ವಲ್ಪ ಕೊಡಿ ಎಂದರು ಪಕ್ಕದ ಮನೆಯವರು. ಅವಳಿಗೆ ಮೂಗು ಸೋರುತ್ತಿತ್ತು, ಕೆಮ್ಮು, ಸ್ವರ ಬೇರೆ ಒಡೆದಿತ್ತು. ಅಣ್ಣನಿಂದ ಹರಡಿರಬಹುದಾ ಎಂದು ಅವಳನ್ನೂ ಅದೇ ಡಾಕ್ಟರಿಗೆ ತೋರಿಸಿದೆ. ಇದು ನೆಗಡಿಯ ವೈರಸ್, ಆ್ಯಂಟಿಬಯಾಟಿಕ್ ಬೇಡ, ಜ್ವರ ಬಂದರೆ ಪ್ಯಾರಸಿಟಮಾಲ್ ಸಾಕು ಎಂದರು. ಒಂದೇ ಮನೆ, ಒಂದೇ ಮಳೆಗಾಲ. ಅವನಿಗೆ ಮದ್ದು ಪೂರ್ತಿ ಕೊಡಿಸಲು ಎಷ್ಟು ಹಟ ಮಾಡಿದೆನೋ, ಇವಳಿಗೆ ಕೊಡದಿರಲು ಅಷ್ಟೇ ಹಟ ಮಾಡಬೇಕಾಯಿತು. ವಾರದೊಳಗೆ ಅವಳ ಗಂಟಲು ತಾನಾಗಿ ಸರಿಯಾಯಿತು, ಕೆಮ್ಮು ಮಾತ್ರ ಸ್ವಲ್ಪ ಜಾಸ್ತಿ ದಿನ ಉಳಿಯಿತು.